ಕಡಲ್ಗಳ್ಳರ ಪಟ್ಟಿಯಲ್ಲಿ ಒಂದು ಊರು

ಕಾರ್ಕಳದಿಂದ ಪಡುಬಿದ್ರಿಗೆ ಇಳಿಯುವ ದಾರಿಯಲ್ಲಿ ಸಿಗುವ ಬೆಳ್ಮಣ್ ಎಂದರೆ ಹೆಚ್ಚಿನವರಿಗೆ ದುರ್ಗಾಪರಮೇಶ್ವರಿಯ ದೇವಸ್ಥಾನ. ಶಾಸನ ಓದುವವರಿಗೆ ನೆನಪಾಗುವುದು ಇಲ್ಲಿ ಸಿಕ್ಕ ತಾಮ್ರಪಟ. 8ನೆಯ ಶತಮಾನದ ಆರಂಭದ, ಎರಡನೆಯ ಆಳುವರಸನ ಕಾಲದ ಈ ಪಟವನ್ನು ಪೂರ್ತಿ ಕನ್ನಡದಲ್ಲಿರುವ ತಾಮ್ರಶಾಸನಗಳಲ್ಲೇ ಹಳೆಯದೆಂದು ಗುರುತಿಸಲಾಗಿದೆ. ಅದರ ಮುದ್ರೆಯಲ್ಲಿ ಜೋಡಿ ಮೀನುಗಳಿವೆ. ಈ ಕರಾವಳಿಯನ್ನು ಆಳಿದ ಆಳುಪ ಅರಸುಮನೆತನದ ಲಾಂಛನವದು.

ಆಳುಪರ ನಾಡು ಆಳ್ವಖೇಡ. ಈ ಹೆಸರಿನ ಬೆನ್ನು ಹಿಡಿದು ಹೋದರೆ ದಾರಿ ಗ್ರೀಕ್ ಭಾಷೆಗೆ ಮುಟ್ಟುತ್ತದೆ. ಕ್ರಿ.ಶ. 150ರ ಸುಮಾರಿಗೆ ಅಲೆಕ್ಸಾಂಡ್ರಿಯದಲ್ಲಿ ಕುಳಿತು ಭೂಗೋಳ ಬರೆದ ಟಾಲೆಮಿ, ನಮ್ಮ ಪಶ್ಚಿಮ ಕರಾವಳಿಯ ಪಟ್ಟಿಯಲ್ಲಿ 'ಒಲೊಖೊಯಿರ' ಎಂಬ ಒಳನಾಡಿನ ಊರನ್ನು ಹೆಸರಿಸುತ್ತಾನೆ. ಇದು ಆಳ್ವಖೇಡವೇ ಎಂದು ತುಳುನಾಡಿನ ಇತಿಹಾಸ ಬರೆದವರು ಹೇಳಿದ್ದಾರೆ. ನಾಡಿನ ಹೆಸರು ಅಷ್ಟು ಹಳೆಯದೆಂದರೆ ಯಾರಿಗೆ ಹೆಮ್ಮೆಯಾಗದು?

ಆದರೆ ಟಾಲೆಮಿ ಆ ಊರನ್ನು ಇಟ್ಟಿರುವ ತಲೆಬರಹವನ್ನೂ ಓದಬೇಕು. ಅದು 'ಪೇಯ್ರಾತೇಸ್' ಜನರ ನಾಡು. ಎಂದರೆ ಕಡಲ್ಗಳ್ಳರದು.

ಈ ಗ್ರೀಕ್ ಪದದ ಬುಡದಲ್ಲಿರುವುದು 'ಪೇಯ್ರ': ಪ್ರಯತ್ನ, ಪರೀಕ್ಷೆ. ಅದರ ಕ್ರಿಯಾಪದಕ್ಕೆ ಯತ್ನಿಸು, ಪರೀಕ್ಷಿಸು, ಮೇಲೆ ಬೀಳು ಎಂಬ ಅರ್ಥಗಳೆಲ್ಲ ಇದ್ದವು. ಮೇಲೆ ಬೀಳುವವನು ಪೇಯ್ರಾತೇಸ್ ಆದ. ಇಂಗ್ಲಿಷಿನ ಪೈರೇಟ್ ಅವನೇ. ಅದೇ ಬುಡದಿಂದ 'ಎಂಪೇಯ್ರಿಯ' ಎಂಬ ಮಾತೂ ಹುಟ್ಟಿತು: ಮಾಡಿ ನೋಡಿ ದಕ್ಕಿದ ಅನುಭವ. ಮನುಷ್ಯ ನೆನಪಿನಿಂದ ಅನುಭವಕ್ಕೆ, ಅನುಭವದಿಂದ ಕಲೆ ಮತ್ತು ಶಾಸ್ತ್ರಕ್ಕೆ ಏರುತ್ತಾನೆ ಎಂದು ಅರಿಸ್ಟಾಟಲ್ ವಿವರಿಸುವಾಗ ಬಳಸಿದ್ದು ಈ ಪದವನ್ನೇ. ದರೋಡೆಗೂ ಅರಿವಿಗೂ ಒಂದೇ ತಾಯಿಬೇರು!

ಯಾರನ್ನು ಕಳ್ಳ ಎನ್ನಬೇಕೆಂದು ನಿರ್ಧರಿಸಿದವರು ಯಾರು? ಹಡಗಿನವರು. ಭಾರತದ ದಾರಿಯಲ್ಲಿ ಕಡಲ್ಗಳ್ಳರ ಭಯಕ್ಕೆ ಹಡಗುಗಳಲ್ಲಿ ಬಿಲ್ಲುಗಾರರು ಇರುತ್ತಿದ್ದರೆಂದು 1ನೆಯ ಶತಮಾನದ ಪ್ಲಿನಿ ಬರೆದಿದ್ದಾನೆ, ಭಯ ಸುಳ್ಳಾಗಿರಲಿಕ್ಕಿಲ್ಲ. ಆದರೂ ದಡದ ಜನ ತಮ್ಮನ್ನು ಏನೆಂದು ಕರೆದುಕೊಂಡರೆಂಬುದು ಆ ಪುಸ್ತಕಗಳಲ್ಲಿಲ್ಲ. ಹಾಗೆಂದು ಒಂದೇ ಪಟ್ಟಿಯಿಂದ ಊರಿನ ಹೆಸರನ್ನು ಎತ್ತಿಕೊಂಡು ತಲೆಬರಹವನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಎರಡಕ್ಕೂ ಸಾಕ್ಷಿ ಒಬ್ಬನೇ.

ಇನ್ನು ಸದ್ದಿನ ಹೋಲಿಕೆ. ನಮ್ಮ ಟ, ಡಗಳು ಗ್ರೀಕಿನಲ್ಲಿ ರಕಾರವಾದದ್ದುಂಟು. ಲಾಟ ದೇಶ ಟಾಲೆಮಿಯಲ್ಲಿ 'ಲಾರಿಕೆ'. ಹಾಗಾಗಿ 'ಖೇಡ' ಹೋಗಿ 'ಖೊಯಿರ' ಆಗಬಹುದು. ಗ್ರೀಕಿನಲ್ಲಿ 'ಖೊಯಿರೊಸ್' ಎಂದರೆ ಹಂದಿ. ಪರದೇಶದ ಹೆಸರನ್ನು ಕೇಳಿದ ಕಿವಿ ತನಗೆ ಗೊತ್ತಿದ್ದ ಮಾತಿನ ಕಡೆಗೆ ವಾಲಿರಲೂಬಹುದು. ನಾವೂ ಹಾಗೆಯೇ ವಾಲುತ್ತೇವೆ. ಬೆಳ್ಮಣ್ ಎಂದೊಡನೆ ಬೆಳ್ದಿಂಗಳು, ಬೆಳ್ಳಿ ನೆನಪಾಗಿ 'ಬಿಳಿ ಮಣ್ಣು' ಎಂಬ ಅರ್ಥ ನಾಲಿಗೆಯ ತುದಿಗೆ ಬರುತ್ತದೆ. ಆದರೆ ಈ ಸೀಮೆಯಲ್ಲಿ ಬಾವಿ ತೋಡಿದರೆ ಗುದ್ದಲಿಗೆ ತಾಗುವುದು ಕೆಂಪು ಮುರಕಲ್ಲು. ಅರ್ಥ ತಪ್ಪೆಂದಲ್ಲ, ಕಿವಿಗೆ ಒಪ್ಪಿದ ಮಾತ್ರಕ್ಕೆ ಅದು ನಿಂತುಬಿಡುವುದಿಲ್ಲ.

ಒಲೊಖೊಯಿರಕ್ಕೂ ಇದೇ ತೊಡಕು. ಟಾಲೆಮಿ ಹೇಳುವುದು ಊರು, ಆಳ್ವಖೇಡ ಒಂದು ನಾಡು. ಆಳುಪರ ಹೆಸರು ಕನ್ನಡದಲ್ಲಿ ಕಾಣಿಸುವುದು 5ನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿ, ಅಂದರೆ ಅವನಾದ ಸುಮಾರು ಮುನ್ನೂರು ವರ್ಷಕ್ಕೆ. ಆ ಅಂತರವನ್ನು ತುಂಬುವ ಕಲ್ಲೊಂದು ಸಿಗುವವರೆಗೆ ಈ ಗುರುತಿಸುವಿಕೆ ಪೇಯ್ರದ ಮೊದಲ ಅರ್ಥದಲ್ಲೇ ಉಳಿಯುತ್ತದೆ. ಬೆಳ್ಮಣ್ಣಿನ ತಾಮ್ರಪಟದಲ್ಲಿ ಈ ನಾಡು ತನ್ನದೇ ಲಿಪಿಯಲ್ಲಿ, ತನ್ನದೇ ಮೀನಿನ ಮುದ್ರೆಯೊತ್ತಿ ಮಾತಾಡುವಷ್ಟರಲ್ಲಿ ಟಾಲೆಮಿ ಸತ್ತು ಐದು ಶತಮಾನಗಳೇ ಕಳೆದಿದ್ದವು.