ಕಾಡಂಚಿನ ತೋಟ ಮತ್ತು ಶ್ರಾವಕನ ಅಹಿಂಸೆ

ಅಹಿಂಸೆಯು ನಮ್ಮ ಧರ್ಮದ ಪ್ರಾಣವೆಂಬುದು ಜೈನ ಕುಟುಂಬಗಳಲ್ಲಿ ಎಳೆಯ ಮಕ್ಕಳಿಗೂ ವಿದಿತವಾದ ಸಂಗತಿ. ನೀರನ್ನು ಸೋಸಿ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಭೋಜನ ಮುಗಿಸುವುದು, ಕಂದಮೂಲಗಳನ್ನು ವರ್ಜಿಸುವುದು ಇವೆಲ್ಲ ಕಣ್ಣಿಗೆ ಕಾಣದ ಜೀವಗಳ ಬಗೆಗೂ ನಾವು ತೋರುವ ಎಚ್ಚರ. ಆದರೆ ಈ ಆಚಾರಗಳು ಬಹುಮಟ್ಟಿಗೆ ಮನೆಯ ಒಳಗಿನವು. ಮನೆಯಲ್ಲಿ ಇಷ್ಟು ಸೂಕ್ಷ್ಮವಾಗಿ ನಡೆದುಕೊಳ್ಳುವ ಶ್ರಾವಕನು ಕಾಡಿನ ಅಂಚಿನಲ್ಲಿ ಹತ್ತು ಎಕರೆ ತೋಟವನ್ನು ಕೊಂಡಾಗ, ಅಲ್ಲಿನ ಆನೆ, ಚಿರತೆ, ಕಾಡುಹಂದಿಗಳ ವಿಷಯದಲ್ಲಿ ಅವನ ಧರ್ಮ ಯಾವುದು? ಕೊಲ್ಲದೆ ಇದ್ದರೆ ಸಾಕೇ? ಪ್ರಕೃತ ಲೇಖನದ ವಿಚಾರ ಇಷ್ಟೇ.

ಈ ಪ್ರಶ್ನೆ ಕೇವಲ ತರ್ಕಕ್ಕಾಗಿ ಎತ್ತಿದ್ದಲ್ಲ. ಶಿವಾಜಿನಗರ, ಹಲಸೂರು, ಇಂದಿರಾನಗರಗಳಲ್ಲಿ ವ್ಯಾಪಾರ ಮಾಡಿಕೊಂಡಿರುವ ಅನೇಕ ಕುಟುಂಬಗಳಿಗೆ ಊರಿನ ಗದ್ದಲದಿಂದ ದೂರದಲ್ಲಿ ಒಂದು ತೋಟದ ಮನೆ ಇರಲೆಂಬ ಆಸೆ ಸಹಜ. 1961ರ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳುವುದು ಸುಲಭವಾಗಿದೆ. ದೇವಾಲಯದ ಟ್ರಸ್ಟುಗಳೂ ಗೋಶಾಲೆಗೆ, ಸಾಧುಗಳ ವಿಹಾರಕಾಲದ ವಸತಿಗೆ, ಧ್ಯಾನಮಂದಿರಕ್ಕೆ ಜಾಗ ಹುಡುಕುತ್ತವೆ. ಬನ್ನೇರುಘಟ್ಟ, ಆನೇಕಲ್, ಕನಕಪುರದ ಕಡೆ ಹೀಗೆ ದೊರೆಯುವ ನೆಲದಲ್ಲಿ ಎಷ್ಟೋ ಭಾಗ ಅರಣ್ಯಕ್ಕೆ ತಾಗಿಕೊಂಡೇ ಇದೆ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಬನ್ನೇರುಘಟ್ಟದ ಕಾಡು ಸುಮಾರು 260 ಚದರ ಕಿಲೋಮೀಟರ್ ವಿಸ್ತಾರದ ಒಂದು ಉದ್ದನೆಯ ಪಟ್ಟಿ; ದಕ್ಷಿಣಕ್ಕೆ ಕಾವೇರಿಯ ಕಾಡುಗಳವರೆಗೂ ಆನೆಗಳ ಸಂಚಾರವುಂಟು. ಅದರ ನಡುವೆ ಕರಡಿಕಲ್–ಮಾದೇಶ್ವರದಂತಹ ಆನೆದಾರಿಗಳು ಬಲು ಇಕ್ಕಟ್ಟಾಗಿವೆ. ಈ ಉದ್ಯಾನದ ಸುತ್ತಲಿನ ಪರಿಸರಸೂಕ್ಷ್ಮ ವಲಯವು 2016ರ ಕರಡಿನಲ್ಲಿ ಸುಮಾರು 268 ಚದರ ಕಿಲೋಮೀಟರ್ ಇದ್ದದ್ದು 2020ರ ಅಧಿಸೂಚನೆಯಲ್ಲಿ ಸುಮಾರು 168ಕ್ಕೆ ಇಳಿಯಿತು. ಕಾನೂನು ಬಿಟ್ಟುಕೊಟ್ಟ ನೆಲವನ್ನೆಲ್ಲ ಧರ್ಮವೂ ಬಿಟ್ಟುಕೊಟ್ಟಿದೆ ಎಂದು ತಿಳಿಯುವುದು ಸರಿಯೇ ಎಂಬುದನ್ನು ವಿಚಾರಿಸಬೇಕಾಗಿದೆ.

ಇಂತಹ ತೋಟಕ್ಕೆ ಬರುವ ಪ್ರಾಣಿಗಳು ಯಾವುವು? ರಾಗಿ ತೆನೆ ಕಟ್ಟುವ ಕಾಲಕ್ಕೆ ಆನೆ; ಗೆಡ್ಡೆ ಅಗೆಯಲು ಕಾಡುಹಂದಿ; ಚಿಗುರಿಗೆ ಜಿಂಕೆ; ಹಣ್ಣಿಗೆ ಕೋತಿ; ಇಲಿಯನ್ನು ಅರಸಿ ಹಾವು. ಈ ಹೆಸರುಗಳನ್ನು ನಾವು ಬೇರೊಂದು ಕಡೆ ನಿತ್ಯವೂ ನೋಡುತ್ತೇವೆ. ಆನೆ ಅಜಿತನಾಥರ ಲಾಂಛನ, ಕೋತಿ ಅಭಿನಂದನನಾಥರದು, ಹಂದಿ ವಿಮಲನಾಥರದು, ಜಿಂಕೆ ಶಾಂತಿನಾಥರದು, ಸರ್ಪ ಪಾರ್ಶ್ವನಾಥರದು. ಬಸದಿಯ ಪೀಠದ ಮೇಲೆ ಕೆತ್ತಿದ ಈ ಜೀವಗಳಿಗೆ ನಾವು ತಲೆಬಾಗುತ್ತೇವೆ; ಅವೇ ಜೀವಗಳು ಬೇಲಿಯ ಬಳಿ ಬಂದು ನಿಂತರೆ ಅವುಗಳಿಗೆ ‘ಹಾವಳಿ’ ಎಂಬ ಹೆಸರು. ಸಮವಸರಣದಲ್ಲಿ ತಿರ್ಯಂಚ ಜೀವಿಗಳಿಗೂ ಸ್ಥಾನವಿತ್ತೆಂದು ಹೇಳುವ ನಾವು ಈ ವಿರೋಧವನ್ನು ಗಮನಿಸದೆ ಇರಲಾಗದು.

ಮೊದಲನೆಯ ಪ್ರಶ್ನೆ ಕೊಲ್ಲುವುದರದು. ಕ್ರೂರಮೃಗವೊಂದನ್ನು ಕೊಂದರೆ ಅನೇಕರ ರಕ್ಷಣೆಯಾಗುತ್ತದೆಂಬ ವಾದ ಹಳೆಯದು. ದಂಡುಪ್ರದೇಶದ ಬೆಂಗಳೂರಿನಲ್ಲಿ ಈ ವಾದಕ್ಕೆ ದೊಡ್ಡ ಪರಂಪರೆಯೇ ಇತ್ತು. ನರಭಕ್ಷಕ ಹುಲಿ, ಚಿರತೆಗಳ ಬೇಟೆಯ ಕಥೆಗಳಿಂದ ಪ್ರಸಿದ್ಧರಾದ ಕೆನೆತ್ ಆಂಡರ್ಸನ್ (1910–1974) ಇದೇ ಊರಿನ ನಿವಾಸಿ. ಅವರೂ ಮುಂದೆ ಕೋವಿಗಿಂತ ಕ್ಯಾಮೆರಾವನ್ನೇ ಮೆಚ್ಚಿದರು. ನಮ್ಮಲ್ಲಿ ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಈ ವಾದವನ್ನು ಸಾವಿರ ವರ್ಷಗಳ ಹಿಂದೆಯೇ ನೇರವಾಗಿ ಎದುರಿಸಿದ್ದಾರೆ. ಒಂದನ್ನು ಕೊಂದು ಹಲವನ್ನು ಉಳಿಸುವೆನೆಂಬ ಲೆಕ್ಕದಿಂದ ಹಿಂಸ್ರಪ್ರಾಣಿಗಳನ್ನು ಕೊಲ್ಲಬಾರದು. ಬದುಕಿದ್ದರೆ ಅವು ಇನ್ನಷ್ಟು ಪಾಪ ಗಳಿಸುತ್ತವಲ್ಲಾ ಎಂಬ ಕನಿಕರದಿಂದಲೂ ಕೊಲ್ಲಬಾರದು. ಚಿರತೆ ತನ್ನ ಆಹಾರಕ್ಕಾಗಿ ಮಾಡುವುದನ್ನು ಅಪರಾಧವೆಂದು ಎಣಿಸಿ ದಂಡಿಸುವ ಅಧಿಕಾರ ಶ್ರಾವಕನಿಗೆ ಇಲ್ಲ.

ಇಂದಿನ ಶ್ರಾವಕನು ಕೋವಿ ಹಿಡಿಯುವುದಿಲ್ಲ, ನಿಜ. ‘ಹಿಡಿದುಕೊಂಡು ಹೋಗಿ ಬೇರೆ ಕಡೆ ಬಿಡಲಿ’ ಎಂಬುದು ಇಂದಿನ ಸಾಧುವಾದ ಮಾತು. ಇದು ನಿರ್ದೋಷವೇ? ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ; ಕೊನೆಯದು ಅನ್ನಪಾನನಿರೋಧ. 2016ರ ಫೆಬ್ರವರಿ 7ರ ಭಾನುವಾರ ಬೆಂಗಳೂರಿನ ಪೂರ್ವಭಾಗದಲ್ಲಿ, ಕುಂದಲಹಳ್ಳಿಯ ಬಳಿಯ ಶಾಲೆಯೊಂದಕ್ಕೆ ಚಿರತೆ ನುಗ್ಗಿದ್ದನ್ನು ಓದುಗರು ಮರೆತಿರಲಾರರು. ದಿನವಿಡೀ ನಡೆದ ಪ್ರಯತ್ನದಲ್ಲಿ ಹಲವರು ಗಾಯಗೊಂಡರು. ಕೊನೆಗೆ ಅರಿವಳಿಕೆ ಕೊಟ್ಟು ಅದನ್ನು ಬನ್ನೇರುಘಟ್ಟಕ್ಕೆ ಒಯ್ದರು. ವಾರ ಕಳೆಯುವಷ್ಟರಲ್ಲಿ ಅದು ಬೋನಿನಿಂದ ತಪ್ಪಿಸಿಕೊಂಡಿತು. ಶಾಲೆಯೊಳಗೆ ಬಂದ ಪ್ರಾಣಿಯನ್ನು ಹಿಡಿಯದೆ ಗತ್ಯಂತರವಿರಲಿಲ್ಲ. ಆದರೆ ತೋಟದ ಅಂಚಿನಲ್ಲಿ ಹೆಜ್ಜೆಗುರುತು ಕಂಡ ಮಾತ್ರಕ್ಕೆ ಬೋನು ಇಡಿಸುವುದು ಬೇರೆ. ಚಿರತೆ ತನ್ನದೇ ಸೀಮೆಯನ್ನು ಕಟ್ಟಿಕೊಂಡು ಬಾಳುವ ಪ್ರಾಣಿ. ಒಂದನ್ನು ತೆಗೆದರೆ ಆ ಸೀಮೆಗೆ ಮತ್ತೊಂದು ಬರುತ್ತದೆ, ಒಯ್ದು ಬಿಟ್ಟದ್ದು ಹಳೆಯ ಜಾಗವನ್ನು ಹುಡುಕಿಕೊಂಡು ಅಪರಿಚಿತ ಊರುಗಳ ನಡುವೆ ಅಲೆಯುತ್ತದೆ. 2014ರಲ್ಲಿ ಹಾಸನ ಜಿಲ್ಲೆಯ ಆಲೂರು–ಸಕಲೇಶಪುರ ಭಾಗದಿಂದ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಅಲ್ಲಿನ ಕಾಫಿ ತೋಟಗಳಿಗೆ ಬೇರೆ ಆನೆಗಳು ಬಂದವು. ವಿವಾಹದ ಊಟಕ್ಕೆಂದು ಕೂಡಿಹಾಕಿದ್ದ ಮೃಗಗಳ ಆಕ್ರಂದನವನ್ನು ಕೇಳಿ ರಥವನ್ನೇ ಹಿಂದಿರುಗಿಸಿದ ನೇಮಿನಾಥರ ಕಥೆಯನ್ನು ಓದುವವರು ಬೋನಿನ ವಿಷಯದಲ್ಲಿ ಇಷ್ಟು ನಿಶ್ಚಿಂತರಾಗಿರಲು ಬರುವುದಿಲ್ಲ.

ಇನ್ನು ಬೇಲಿ. ನಿಯಮಬದ್ಧವಾದ ಸೌರವಿದ್ಯುತ್ ಬೇಲಿಯು ಕ್ಷಣಮಾತ್ರದ ಆಘಾತ ಕೊಟ್ಟು ಪ್ರಾಣಿಯನ್ನು ಹಿಂದಕ್ಕೆ ಸರಿಸುತ್ತದೆ, ಕೊಲ್ಲುವುದಿಲ್ಲ. ಕಂಬದಿಂದ ನೇರವಾಗಿ ತಂತಿಗೆ ವಿದ್ಯುತ್ ಹರಿಸಿದರೆ ಆನೆಯೂ ಬೀಳುತ್ತದೆ, ದನಕಾಯುವ ಹುಡುಗನೂ ಬೀಳುತ್ತಾನೆ. ಅದು ಕಾನೂನಿಗೂ ವಿರುದ್ಧ. ನಗರದಲ್ಲಿರುವ ಯಜಮಾನನು ಇದನ್ನು ಮಾಡು ಎಂದು ಹೇಳಿರಲಾರ. ಆದರೆ ‘ಬೆಳೆ ಹಾಳಾದರೆ ನೀನೇ ಹೊಣೆ’ ಎಂದು ಕಾವಲುಗಾರನಿಗೆ ಹೇಳಿ ಕಾರು ಹತ್ತುತ್ತಾನೆ. ಆ ಬಡವನು ಹಂದಿಗೆ ಉರುಳು ಹಾಕುತ್ತಾನೆ. ಅದರಲ್ಲಿ ಚಿರತೆಯೋ ಕರಡಿಯೋ ಸಿಕ್ಕಿಕೊಳ್ಳುತ್ತದೆ. ನಮ್ಮ ಶಾಸ್ತ್ರದಲ್ಲಿ ಹಿಂಸೆಗೆ ಮೂರು ದ್ವಾರಗಳು: ಕೃತ, ಕಾರಿತ, ಅನುಮೋದನ. ತಾನು ಮಾಡದಿದ್ದರೂ ಮಾಡಿಸಿದ್ದು ಪಾಪ. ಮಾಡಿಸದಿದ್ದರೂ ಮೆಚ್ಚಿದ್ದು ಪಾಪ. ಉರುಳಿನ ತಂತಿಗೆ, ವಿಷಕ್ಕೆ, ಸಿಡಿಮದ್ದಿಗೆ ಹಣ ಕೊಡುವುದು ಅನರ್ಥದಂಡದಲ್ಲಿ ಹೇಳಿದ ಹಿಂಸಾದಾನವೇ ಸರಿ. ಹಲಸೂರಿನ ಮನೆಯಲ್ಲಿ ನೀರು ಸೋಸುವ ಕೈ ಆ ಲೆಕ್ಕದಿಂದ ತಪ್ಪಿಸಿಕೊಳ್ಳುವುದಿಲ್ಲ.

ಕೆಲವರು ಇದಕ್ಕೆ ವಿರುದ್ಧವಾಗಿ ಅತಿಯಾದ ದಯೆ ತೋರುವುದುಂಟು. ಕೋತಿಗಳಿಗೆ ಬಾಳೆಹಣ್ಣಿನ ಗೊನೆಗಳನ್ನು ಹಂಚುವುದು, ಜಿಂಕೆಗಳು ಬರಲೆಂದು ಬಿಸ್ಕತ್ತು ಚೆಲ್ಲುವುದು ಅವರಿಗೆ ಪುಣ್ಯಕಾರ್ಯ. ದಾನದಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ವಿಧ. ಪಾತ್ರವನ್ನು ನೋಡಿ ದಾನ ಮಾಡಬೇಕೆಂಬುದು ಹಿರಿಯರ ಮಾತು. ಕಾಡಿನ ಪ್ರಾಣಿ ನಮ್ಮಿಂದ ಅನ್ನವನ್ನು ಬೇಡಿಲ್ಲ. ಕೈಯಿಂದ ತಿಂದು ರೂಢಿಯಾದ ಕೋತಿ ಮುಂದೆ ಕೈಯಿಂದ ಕಿತ್ತುಕೊಳ್ಳುತ್ತದೆ. ಆಗ ಅದಕ್ಕೂ ಬೋನೇ ಗತಿ. ವನ್ಯಜೀವಿಗೆ ಸಲ್ಲುವ ದಾನ ಅಭಯದಾನ ಒಂದೇ: ಅದರ ದಾರಿ, ಅದರ ನೀರು, ಅದರ ಕತ್ತಲೆಯನ್ನು ಅದಕ್ಕೆ ಬಿಟ್ಟುಕೊಡುವುದು.

ಇಲ್ಲಿ ನಾವು ಮೂಲಕ್ಕೆ ಬರುತ್ತೇವೆ. ಬೇಲಿಯ ಬಳಿ ಹುಟ್ಟುವ ಈ ಎಲ್ಲ ಹಿಂಸೆಗೂ ಬೀಜ ಬೇಲಿಗಿಂತ ಮುಂಚೆಯೇ, ಕ್ರಯಪತ್ರದಲ್ಲಿ ಬಿತ್ತಲ್ಪಟ್ಟಿರುತ್ತದೆ. ಪರಿಗ್ರಹಪರಿಮಾಣ ವ್ರತದಲ್ಲಿ ಮಿತಿ ಹಾಕಿಕೊಳ್ಳಬೇಕಾದ ವಸ್ತುಗಳನ್ನು ಎಣಿಸುವಾಗ ಸೂತ್ರಕಾರರು ಚಿನ್ನಬೆಳ್ಳಿಗಿಂತ ಮೊದಲು ಕ್ಷೇತ್ರ ಮತ್ತು ವಾಸ್ತುವನ್ನು, ಅಂದರೆ ಹೊಲವನ್ನೂ ಮನೆಯನ್ನೂ ಹೇಳಿದ್ದಾರೆ. ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಕಾಡಿಗೆ ಬೆಂಕಿ ಹಚ್ಚುವ ದವಾಗ್ನಿದಾನವೂ ಕೆರೆ ಬತ್ತಿಸುವ ಸರಃಶೋಷಣವೂ ಸೇರಿವೆ. ಆನೆ ನಡೆವ ದಾರಿಯನ್ನು ಸುತ್ತುಗೋಡೆಯೊಳಕ್ಕೆ ಸೇರಿಸಿಕೊಂಡ ಮೇಲೆ ಎಷ್ಟು ಮೃದುವಾದ ಬೇಲಿ ಹಾಕಿದರೂ ಅದು ಅನ್ನಪಾನನಿರೋಧವೇ. ಬೇಡದ ನೆಲವನ್ನು ಕೊಳ್ಳದೆ ಇರುವುದೇ ಇಲ್ಲಿ ಅಹಿಂಸೆಯ ಮೊದಲ ಹೆಜ್ಜೆ.

ಹಾಗಾದರೆ ಕಾಡಂಚಿನ ರೈತನ ಗತಿ ಏನೆಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಎರಡು ಎಕರೆ ರಾಗಿಯನ್ನೇ ನಂಬಿದವನು ರಾತ್ರಿಯಿಡೀ ಅಟ್ಟಣೆಯ ಮೇಲೆ ತಮಟೆ ಬಡಿದು ಕಾಯುತ್ತಾನೆ. ಎಷ್ಟೋ ವೇಳೆ ಪ್ರಾಣವನ್ನೂ ಕಳೆದುಕೊಳ್ಳುತ್ತಾನೆ. ಅವನದು ಜೀವನೋಪಾಯದ ಉದ್ಯೋಗೀ ಹಿಂಸೆ, ಆತ್ಮರಕ್ಷಣೆಯ ವಿರೋಧೀ ಹಿಂಸೆ. ಗೃಹಸ್ಥನಿಗೆ ಇವು ಪೂರ್ಣವಾಗಿ ತಪ್ಪುವಂಥವಲ್ಲವೆಂದು ಆಚಾರ್ಯರೇ ಒಪ್ಪಿದ್ದಾರೆ. ಹೊಟ್ಟೆಗಾಗಿ ಅಲ್ಲಿರುವವನನ್ನೂ ವಿಶ್ರಾಂತಿಗಾಗಿ ಅಲ್ಲಿಗೆ ಹೋದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ನಮ್ಮ ತೋಟದ ಭದ್ರವಾದ ಬೇಲಿಯಿಂದ ತಿರುಗಿದ ಆನೆ ಪಕ್ಕದ ಈ ಬಡವನ ಹೊಲಕ್ಕೇ ಇಳಿಯುತ್ತದೆಂಬುದನ್ನು ನೆನೆದರೆ ನಮ್ಮ ಹೊಣೆ ಇನ್ನೂ ಭಾರವಾಗುತ್ತದೆ.

ಆದುದರಿಂದ ಶ್ರಾವಕ-ಶ್ರಾವಿಕೆಯರಲ್ಲಿಯೂ ಟ್ರಸ್ಟಿನ ಪದಾಧಿಕಾರಿಗಳಲ್ಲಿಯೂ ಕೆಲವು ವಿನಂತಿಗಳು. ಜಮೀನು ಕೊಳ್ಳುವ ಮೊದಲು ಪಹಣಿಯನ್ನು ನೋಡುವಂತೆ ಪ್ರಾಣಿಗಳ ದಾರಿಯನ್ನೂ ಊರಿನ ಹಿರಿಯರಿಂದ, ಅರಣ್ಯ ಇಲಾಖೆಯಿಂದ ಕೇಳಿ ತಿಳಿಯಿರಿ. ದಾರಿಯಿದ್ದರೆ ಆ ನೆಲವನ್ನು ಬಿಟ್ಟುಬಿಡಿ. ಈಗಾಗಲೇ ಕೊಂಡಿದ್ದರೆ ಕಾಡಿಗೆ ತಾಗಿದ ಪಟ್ಟಿಯನ್ನು ಬೇಲಿಯ ಹೊರಗೆ ಉಳಿಸಿ, ಬಾಳೆ ಕಬ್ಬುಗಳನ್ನು ಆ ಬದಿಯಲ್ಲಿ ಹಾಕಬೇಡಿ, ರಾತ್ರಿಯ ದೀಪಗಳನ್ನು ಕಡಿಮೆ ಮಾಡಿ. ಗೋಶಾಲೆಯ ಕರುಗಳಿಗೆ ಭದ್ರವಾದ ಕೊಟ್ಟಿಗೆ ಕಟ್ಟಿಸಿ. ಚಿರತೆಯ ಹಿಂಸೆಯನ್ನು ತಪ್ಪಿಸುವ ಉಪಾಯ ನಮ್ಮ ಕೊಟ್ಟಿಗೆಯ ಬಾಗಿಲಲ್ಲಿದೆ. ಕಾವಲುಗಾರನಿಗೆ ಬೆಳೆನಷ್ಟದ ಭಯವನ್ನು ಹೊರಿಸದೆ, ಉರುಳು ಹಾಕಬಾರದೆಂದು ಸ್ಪಷ್ಟವಾಗಿ ಹೇಳಿ. ಟ್ರಸ್ಟಿನ ಜೀವದಯಾ ನಿಧಿಯಲ್ಲಿ ಒಂದು ಪಾಲನ್ನು ನೆರೆಯ ರೈತನ ಬೆಳೆನಷ್ಟಕ್ಕೆ ಮೀಸಲಿಡಿ; ರೈತನ ಕೋಪ ತಣಿದರೆ ಆನೆಯ ಪ್ರಾಣ ಉಳಿಯುತ್ತದೆ.

2023ರ ಗಣತಿಯ ಅಂದಾಜಿನಂತೆ ಕರ್ನಾಟಕದ ಕಾಡುಗಳಲ್ಲಿ 6,395 ಆನೆಗಳಿವೆ. ದೇಶದ ಯಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ಪರ್ವದ ಕೊನೆಯಲ್ಲಿ ಸಕಲ ಜೀವರಾಶಿಯ ಕ್ಷಮೆಯನ್ನು ನಾವು ಯಾಚಿಸುವಾಗ ಆ ಸಕಲದಲ್ಲಿ ಇವೂ ಸೇರಿವೆ. ಯಾಚಿಸಿದ ಕ್ಷಮೆಗೆ ಅರ್ಥ ಬರುವುದು, ಅವುಗಳಿಗೆ ಸೇರಿದ್ದನ್ನು ನಾವು ಮರುವರ್ಷವೂ ಆಕ್ರಮಿಸದೆ ಇದ್ದಾಗ ಮಾತ್ರ.