ಕುದುರೆಪಂದ್ಯದ ಮಾತು ಮತ್ತು ಅನರ್ಥದಂಡವ್ರತ

ಸಪ್ತವ್ಯಸನಗಳ ಎಣಿಕೆಯಲ್ಲಿ ದ್ಯೂತಕ್ಕೆ ಮೊದಲ ಸ್ಥಾನ. ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಸಂಗ ಇವೆಲ್ಲವೂ ಅದರ ಹಿಂದೆ ಬರುತ್ತವೆ. ಈ ಕ್ರಮದಲ್ಲಿ ಒಂದು ಅರ್ಥವಿದೆ. ದ್ಯೂತದಲ್ಲಿ ಗೆದ್ದವನಿಗೆ ಮಿಕ್ಕ ವ್ಯಸನಗಳಿಗೆ ಬೇಕಾದ ಹಣ ದೊರೆಯುತ್ತದೆ. ಸೋತವನಿಗೆ ಸುಳ್ಳಿಗೂ ಕಳವಿಗೂ ಬೇಕಾದ ಕಾರಣ ದೊರೆಯುತ್ತದೆ. ಗೆಲುವು ಸೋಲುಗಳೆರಡೂ ಕೆಡಿಸುವ ಆಟ ಇದೊಂದೇ.

ಶ್ರಾವಕರ ಮನೆಗಳಲ್ಲಿ ಇಸ್ಪೀಟಿನ ಜೂಜನ್ನು ನಿಂದಿಸದವರು ವಿರಳ. ಆದರೆ ಕುದುರೆಪಂದ್ಯದ ವಿಷಯ ಬಂದಾಗ ಮಾತು ಕೊಂಚ ಸಡಿಲವಾಗುವುದುಂಟು. ಅದು ಬುದ್ಧಿಯ ಆಟವೆಂದು ಕೆಲವರು ಹೇಳುತ್ತಾರೆ. 1996ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವೂ ಕುದುರೆಪಂದ್ಯವು ಪ್ರಧಾನವಾಗಿ ಕೌಶಲದ ಆಟವೆಂದು ತೀರ್ಪು ಕೊಟ್ಟಿತಲ್ಲವೆ ಎಂದು ಕೇಳುತ್ತಾರೆ. ರಾಜ್ಯದ ಕಾನೂನು ದಂಡಿಸದು ಎಂಬುದು ಒಂದು ಮಾತು; ಆತ್ಮಕ್ಕೆ ಕರ್ಮಾಸ್ರವವಾಗದು ಎಂಬುದು ಬೇರೊಂದು ಮಾತು. ಮೊದಲನೆಯದನ್ನು ನ್ಯಾಯಾಲಯ ಹೇಳಬಲ್ಲದು. ಎರಡನೆಯದನ್ನು ಅದು ಹೇಳಲೂ ಇಲ್ಲ, ಹೇಳುವ ಅಧಿಕಾರವೂ ಅದಕ್ಕಿಲ್ಲ.

ಇನ್ನು ಕೆಲವರ ಸಮಾಧಾನ ಇನ್ನೂ ಸೂಕ್ಷ್ಮವಾದುದು. ಪಣವನ್ನೇ ಕಟ್ಟದೆ, ಯಾವ ಕುದುರೆ ಗೆಲ್ಲಬಹುದೆಂದು ಸ್ನೇಹಿತರೊಡನೆ ಮಾತನಾಡಿದರೆ ದೋಷವೇನು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಉತ್ತರವನ್ನು ಕಾಣಬೇಕಾದರೆ, ಇಂತಹ ಮಾತು ಅತ್ಯಂತ ಬೆಳೆದಿರುವ ನಾಡನ್ನು ನೋಡುವುದು ಒಳ್ಳೆಯದು.

ಐರ್ಲೆಂಡ್ ಮತ್ತು ಇಂಗ್ಲೆಂಡುಗಳಲ್ಲಿ ಬಯಲಿನ ಓಟದ ಜೊತೆಗೆ ಬೇಲಿ, ಹಳ್ಳಗಳನ್ನು ನೆಗೆಯುವ ಕುದುರೆಪಂದ್ಯಗಳು ನಡೆಯುತ್ತವೆ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಗೃಹಸ್ಥರು ಬಟ್ಟವೆಂಟ್ ಎಂಬ ಊರಿನ ಇಗರ್ಜಿಯ ಗೋಪುರದಿಂದ ಡೊನೆರೈಲ್ ಊರಿನ ಗೋಪುರದವರೆಗೆ, ನಡುವೆ ಬಂದ ಕಲ್ಲುಗೋಡೆ, ಹಳ್ಳ, ಬೇಲಿಗಳನ್ನೆಲ್ಲ ಹಾರಿಸುತ್ತ ಕುದುರೆಗಳನ್ನು ಪಣಕ್ಕೆ ಓಡಿಸಿದರೆಂದೂ, ಗೋಪುರವನ್ನು ಗುರಿಯಾಗಿಟ್ಟುಕೊಂಡ ಆ ಓಟದಿಂದಲೇ ಇದಕ್ಕೆ ಸ್ಟೀಪಲ್‌ಚೇಸ್ ಎಂಬ ಹೆಸರು ಬಂದಿತೆಂದೂ ಹೇಳುತ್ತಾರೆ. ಇವುಗಳಲ್ಲಿ ಪ್ರಖ್ಯಾತವಾದುದು ಲಿವರ್‌ಪೂಲಿನ ಬಳಿಯ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್. ಸುಮಾರು ಏಳು ಕಿಲೋಮೀಟರು ದೂರ, ಮೂವತ್ತು ನೆಗೆತಗಳು. ಮೊದಲ ಗ್ರ್ಯಾಂಡ್ ನ್ಯಾಷನಲ್ ಎಂದು ಸಾಮಾನ್ಯವಾಗಿ ಎಣಿಸಲ್ಪಡುವ 1839ರ ಪಂದ್ಯದಲ್ಲಿ ಗೆದ್ದ ಕುದುರೆಯ ಹೆಸರೇ ‘ಲಾಟರಿ’. ಅದೇ ಪಂದ್ಯದಲ್ಲಿ ಕ್ಯಾಪ್ಟನ್ ಬೆಚರ್ ಎಂಬ ಸವಾರನು ಬಿದ್ದ ಹಳ್ಳಕ್ಕೆ ಇಂದಿಗೂ ಆತನ ಹೆಸರಿದೆ. ಗೆದ್ದ ಕುದುರೆಗೆ ಅದೃಷ್ಟದ ಹೆಸರು, ಬಿದ್ದ ಸ್ಥಳಕ್ಕೆ ಮನುಷ್ಯನ ಹೆಸರು. ಆ ಆಟದ ಸ್ವರೂಪವು ಈ ಎರಡು ಹೆಸರುಗಳಲ್ಲಿಯೇ ಅಡಗಿದೆ.

ಈ ಪಂದ್ಯಗಳ ಅಭಿಮಾನಿಗಳನ್ನು ದುಷ್ಟರೆಂದು ಭಾವಿಸುವುದು ನ್ಯಾಯವಲ್ಲ. ಅವರು ಒಂದೊಂದು ಕುದುರೆಯ ವಂಶವನ್ನೂ ವಯಸ್ಸನ್ನೂ ಬಲ್ಲರು. ಮಳೆ ಬಿದ್ದು ನೆಲ ಮೆತ್ತಗಾದರೆ ಯಾವುದಕ್ಕೆ ಅನುಕೂಲ, ಒಣಗಿ ಗಟ್ಟಿಯಾದರೆ ಯಾವುದಕ್ಕೆ ಅನುಕೂಲ ಎಂಬುದನ್ನು ತಾಳ್ಮೆಯಿಂದ ವಿಚಾರಿಸುವರು. ಚೆಲ್ಟನಂನ ಮಾರ್ಚ್ ತಿಂಗಳ ನಾಲ್ಕು ದಿನಗಳ ಪಂದ್ಯಗಳಿಗಾಗಿ ವರ್ಷವಿಡೀ ಮಾತನಾಡುವರು. ತಾವು ಕಂಡುಕೊಂಡ ಸುಳಿವನ್ನು ಬಚ್ಚಿಡದೆ, ಪ್ರತಿಫಲವನ್ನು ಬಯಸದೆ ಪರಸ್ಪರ ಹಂಚಿಕೊಳ್ಳುವರು; ಗೆದ್ದವನನ್ನು ಅಭಿನಂದಿಸುವರು, ಸೋತವನನ್ನು ಸಂತೈಸುವರು. ಈ ಸ್ನೇಹ, ಈ ಜ್ಞಾಪಕಶಕ್ತಿ, ಈ ಏಕಾಗ್ರತೆ ಸ್ವತಃ ನಿಂದ್ಯವಾದವುಗಳಲ್ಲ. ಆದುದರಿಂದಲೇ ಇವು ಎತ್ತ ಹರಿಯುತ್ತಿವೆ ಎಂಬ ಪ್ರಶ್ನೆ ಏಳುತ್ತದೆ. ಉತ್ತಮವಾದ ನೀರು ಬಚ್ಚಲಿಗೆ ಹರಿದರೆ ನೀರಿನ ದೋಷವಲ್ಲ; ಕಾಲುವೆಯ ದೋಷ.

ಅಲ್ಲಿನ ಪಂದ್ಯಪತ್ರಿಕೆಗಳಲ್ಲಿ ಪ್ರತಿಯೊಂದು ಕುದುರೆಯ ಹೆಸರಿನ ಮುಂದೆ ಅದರ ಹಿಂದಿನ ಓಟಗಳ ಫಲವು ಅಂಕೆ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಮೊದಲು ಬಂದರೆ ‘1’, ಎರಡನೆಯದಾದರೆ ‘2’. ನೆಗೆಯುವಾಗ ಬಿದ್ದರೆ ‘ಎಫ್’ ಎಂಬ ಅಕ್ಷರ. ಇನ್ನೊಂದು ಕುದುರೆ ಬಿದ್ದ ಕಾರಣದಿಂದ ತಾನೂ ಉರುಳಿದರೆ ‘ಬಿ’. ಬೇಲಿಯ ಮುಂದೆ ನಿಂತು ನೆಗೆಯಲೊಲ್ಲದೆ ಹೋದರೆ ‘ಆರ್’. ಸಂಜ್ಞಿ ಪಂಚೇಂದ್ರಿಯ ಜೀವವೊಂದು, ಮನಸ್ಸುಳ್ಳದ್ದು, ಭಯ ನೋವುಗಳನ್ನು ಅರಿಯುವಂಥದ್ದು, ತನ್ನಿಂದಾಗದೆಂದು ತನ್ನ ಮೈಯಿಂದಲೇ ಹೇಳಿದ ಮಾತು ಒಂದೇ ಅಕ್ಷರವಾಗುತ್ತದೆ. ಅದನ್ನು ಓದುವವನು ಆ ಜೀವದ ಭಯವನ್ನು ಓದುವುದಿಲ್ಲ. ತನ್ನ ಹಣಕ್ಕೆ ಇರುವ ಅಪಾಯವನ್ನು ಓದುತ್ತಾನೆ. ಕರುಣೆ ಇಲ್ಲವೆಂದಲ್ಲ, ಕರುಣೆಗೆ ಸ್ಥಳ ಉಳಿದಿಲ್ಲವೆಂಬುದೇ ಇಲ್ಲಿಯ ಅನರ್ಥ.

ಅಹಿಂಸಾಣುವ್ರತದ ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಐದು. ಇಲ್ಲಿ ವಧವೆಂದರೆ ಕೊಲೆಯಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು. ಪಂದ್ಯದಲ್ಲಿ ಚಾವಟಿಯುಂಟು. ಭಾರವೂ ಉಂಟು, ಗ್ರ್ಯಾಂಡ್ ನ್ಯಾಷನಲಿನಂತಹ ಪಂದ್ಯದಲ್ಲಿ ಕುದುರೆಯ ಸಾಮರ್ಥ್ಯ ಹೆಚ್ಚಿದಷ್ಟೂ ಹೊರಿಸುವ ತೂಕವನ್ನು ಹೆಚ್ಚಿಸುವುದೇ ನಿಯಮ. 1973, 1974, 1977ರಲ್ಲಿ ಮೂರು ಸಲ ಗೆದ್ದ ರೆಡ್ ರಮ್ ಎಂಬ ಕುದುರೆ 1974ರಲ್ಲಿ ಹೊತ್ತದ್ದು ಹನ್ನೆರಡು ಸ್ಟೋನ್, ಎಂದರೆ ಸುಮಾರು 76 ಕಿಲೋಗ್ರಾಂ. ಶಕ್ತಿಯುಳ್ಳವನಿಗೆ ಬಹುಮಾನವಾಗಿ ಭಾರ! ಆ ಭಾರವನ್ನು ಹೊರಿಸುವ ಉದ್ದೇಶವೇನೆಂದರೆ, ಫಲವು ಅನಿಶ್ಚಿತವಾಗಿರಬೇಕು, ಪಣ ಕಟ್ಟುವವರಿಗೆ ರುಚಿ ಉಳಿಯಬೇಕು ಎಂಬುದೇ.

2012ರ ಮಾರ್ಚ್ ತಿಂಗಳಲ್ಲಿ ಚೆಲ್ಟನಂ ಗೋಲ್ಡ್ ಕಪ್ ಗೆದ್ದ ಸಿಂಕ್ರನೈಸ್ಡ್ ಎಂಬ ಕುದುರೆ ಮರುತಿಂಗಳೇ ಗ್ರ್ಯಾಂಡ್ ನ್ಯಾಷನಲಿನಲ್ಲಿ ಬಿದ್ದು, ಸವಾರನಿಲ್ಲದೆ ಓಡುತ್ತ ಕಾಲು ಮುರಿದುಕೊಂಡು ಪ್ರಾಣ ನೀಗಿತು. ಅದೇ ಪಂದ್ಯದಲ್ಲಿ ಇನ್ನೊಂದು ಕುದುರೆಯೂ ಸತ್ತಿತು. ಬಳಿಕ 2013ರಲ್ಲಿ ಬೇಲಿಗಳ ಒಳಗಿನ ಗಟ್ಟಿ ಮರವನ್ನು ತೆಗೆದು ಬಾಗುವ ಪ್ಲಾಸ್ಟಿಕ್ ಹಾಕಿದರು. 2024ರಿಂದ ಓಡುವ ಕುದುರೆಗಳ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದರು. ಈ ಸುಧಾರಣೆಗಳನ್ನು ಮೆಚ್ಚಬೇಕಾದುದೇ. ಆದರೆ ಅಪಾಯವನ್ನು ಕಡಿಮೆ ಮಾಡುವುದು ಬೇರೆ, ವಿನೋದಕ್ಕಾಗಿ ಪರಜೀವವನ್ನು ಅಪಾಯಕ್ಕೆ ಒಡ್ಡದಿರುವುದು ಬೇರೆ.

ಬುದ್ಧಿಯ ಆಟವೆಂಬ ಮಾತನ್ನೂ ಪರಿಶೀಲಿಸಬೇಕು. 1928ರಲ್ಲಿ 42 ಕುದುರೆಗಳು ಓಡಿ ಎರಡೇ ಕುದುರೆಗಳು ಗುರಿ ಮುಟ್ಟಿದವು; ಗೆದ್ದುದು ನೂರಕ್ಕೊಂದು ದರದ ಟಿಪ್ಪರರಿ ಟಿಮ್. 1956ರಲ್ಲಿ ರಾಜಮಾತೆಯ ಡೆವನ್ ಲಾಕ್ ಎಲ್ಲ ಬೇಲಿಗಳನ್ನೂ ದಾಟಿ, ಗುರಿ ಕಣ್ಣೆದುರಿಗಿರುವಾಗ ಬಯಲಿನಲ್ಲಿಯೇ ಕುಸಿಯಿತು. 1967ರಲ್ಲಿ ಇಪ್ಪತ್ತಮೂರನೆಯ ಬೇಲಿಯ ಬಳಿ ಸವಾರನಿಲ್ಲದ ಕುದುರೆಯೊಂದು ಅಡ್ಡ ಬಂದು ಮುಂದಿನ ಕುದುರೆಗಳೆಲ್ಲ ಒಂದರ ಮೇಲೊಂದು ಸಿಕ್ಕಿಕೊಂಡಾಗ, ಬಹು ಹಿಂದೆ ಬರುತ್ತಿದ್ದ ಫಾಯ್ನಾವನ್ ಎಂಬುದು ಸಂದಿಯಲ್ಲಿ ನೆಗೆದು ಗೆದ್ದಿತು. ಅದರ ಯಜಮಾನನೂ ಅಂದು ಅಲ್ಲಿರಲಿಲ್ಲ! ಸುಳಿವು ಹೇಳಿದ ಪಂಡಿತರ ಜ್ಞಾನ ಆಗ ಎತ್ತ ಹೋಯಿತು?

ಲೆಕ್ಕವನ್ನಾದರೂ ನೋಡೋಣ. ಸಮಬಲದ ಐದು ಕುದುರೆಗಳು ಓಡುತ್ತವೆನ್ನಿ. ನ್ಯಾಯವಾದ ದರ ಒಂದಕ್ಕೆ ನಾಲ್ಕು. ಪಣದ ವ್ಯಾಪಾರಿ ಮೂರನ್ನು ಮಾತ್ರ ಕೊಡುತ್ತಾನೆ. ಐದರ ಮೇಲೂ ನೂರು ನೂರು ಕಟ್ಟಿದರೆ ಕೈಬಿಟ್ಟದ್ದು ಐನೂರು. ಒಂದು ಗೆದ್ದಾಗ ಲಾಭ ಮುನ್ನೂರು, ಅದರ ಮೂಲಧನ ನೂರು, ಒಟ್ಟು ಮರಳುವುದು ನಾನೂರು. ಯಾವ ಕುದುರೆ ಗೆದ್ದರೂ ನೂರು ವ್ಯಾಪಾರಿಯದು. ದರಗಳು ಬದಲಾಗಬಹುದು, ಈ ಯುಕ್ತಿ ಬದಲಾಗದು. ಒಬ್ಬನ ಬುದ್ಧಿ ಗೆದ್ದರೆ ಇನ್ನೊಬ್ಬನ ಮನೆಯ ಅಕ್ಕಿಯ ದುಡ್ಡು ಅವನ ಜೇಬಿಗೆ ಬಂದಿರುತ್ತದೆ. ನಡುವಿನವನು ತನ್ನ ಪಾಲನ್ನು ಮೊದಲೇ ತೆಗೆದಿಟ್ಟಿರುತ್ತಾನೆ.

ಈಗ ಆ ಸೂಕ್ಷ್ಮವಾದ ಪ್ರಶ್ನೆಗೆ ಬರಬಹುದು. ಪಣ ಕಟ್ಟದೆ ಬರಿಯ ಮಾತನಾಡಿದರೆ ದೋಷವೇನು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದಾಗಿ ವಿಂಗಡಿಸಿರುವರು. ಇವುಗಳಲ್ಲಿ ಮೂರು ಕೈಯಿಂದ ಮಾಡುವವಲ್ಲ ಎಂಬುದನ್ನು ಗಮನಿಸಬೇಕು. ಪಾಪೋಪದೇಶ ನಾಲಗೆಯದು, ಅಪಧ್ಯಾನ ಮನಸ್ಸಿನದು, ದುಃಶ್ರುತಿ ಕಿವಿಯದು. ಪಾಪೋಪದೇಶವನ್ನು ವಿವರಿಸುವಾಗ ಆಚಾರ್ಯರು ಮೊತ್ತಮೊದಲು ಹೇಳುವುದೇ ತಿರ್ಯಗ್ಜೀವಿಗಳಿಗೆ ಕ್ಲೇಶವನ್ನುಂಟುಮಾಡುವ ವಿಷಯದ ಮಾತನ್ನು ಎತ್ತುವುದು. ‘ಈ ಕುದುರೆಯ ಮೇಲೆ ಕಟ್ಟು’ ಎಂಬ ಸುಳಿವು ಇದಲ್ಲದೆ ಮತ್ತೇನು? ತಾನು ಬಯಸಿದ ಕುದುರೆ ಗೆಲ್ಲಲು ಮುಂದಿನದು ಎಡವಲಿ ಎಂದು ಒಂದು ಕ್ಷಣ ಹಾರೈಸುವುದು ಅಪಧ್ಯಾನ. ಬೇಲಿಯ ಬಳಿ ನಿಂತಿರುವವನ ಮನಸ್ಸಿನಲ್ಲಿ ಆ ಹಾರೈಕೆ ಹುಟ್ಟದಿರುವುದು ಸಾಧ್ಯವೆ? ರಾಗದ್ವೇಷಗಳಿಂದ ಚಿತ್ತವನ್ನು ಕಲಕುವ ಇಂತಹ ಕಥೆಗಳಿಗೆ ಕಿವಿಗೊಟ್ಟು ಕುಳಿತಿರುವುದು ದುಃಶ್ರುತಿ. ಹೀಗೆ ಒಂದು ಕಾಸನ್ನೂ ಕಟ್ಟದವನು ಮೂರು ಬಾಗಿಲುಗಳನ್ನು ತೆರೆದಿಟ್ಟಂತಾಯಿತು. ಕೃತ, ಕಾರಿತ, ಅನುಮೋದನ ಎಂಬ ಮೂರೂ ಸಮಾನವಾಗಿ ಬಂಧಕ್ಕೆ ಕಾರಣವೆಂಬುದು ಬಾಲಬೋಧೆಯಲ್ಲಿಯೇ ಕಲಿಯುವ ಪಾಠ.

ಪ್ರತಿಫಲವಿಲ್ಲದೆ ಸುಳಿವು ಕೊಡುವವನಿಗೆ ಇನ್ನೂ ಒಂದು ವಿಷಯ ತಿಳಿದಿರಬೇಕು. ತನ್ನ ಹಣವನ್ನು ಕಳೆದುಕೊಳ್ಳುವವನು ತನ್ನ ಲೋಭಕ್ಕೆ ತಾನೇ ಹೊಣೆ. ಆದರೆ ಸುಳಿವನ್ನು ನಂಬಿ ಮಗಳ ಶಾಲೆಯ ಶುಲ್ಕವನ್ನು ಕಟ್ಟಿದವನ ಮುಖವನ್ನು ಸುಳಿವು ಕೊಟ್ಟವನು ನೋಡುವುದೇ ಇಲ್ಲ. ದಾನದಲ್ಲಿ ಪಾತ್ರವಿಚಾರ ಮಾಡುವ ಶ್ರಾವಕನು ಮಾತಿನ ದಾನದಲ್ಲಿ ಪಾತ್ರವನ್ನೂ ಪರಿಣಾಮವನ್ನೂ ವಿಚಾರಿಸದಿರುವುದು ಹೇಗೆ?

1993ರ ಗ್ರ್ಯಾಂಡ್ ನ್ಯಾಷನಲಿನಲ್ಲಿ ಆರಂಭವು ಎರಡು ಸಲ ಕೆಟ್ಟಿತು. ಎರಡನೆಯ ಸಲ ನಿಲ್ಲಿಸುವ ಸೂಚನೆ ಅನೇಕ ಸವಾರರಿಗೆ ತಿಳಿಯದೆ ಅವರು ಓಡಿಸಿಯೇ ಬಿಟ್ಟರು. ಏಳು ಕುದುರೆಗಳು ಪೂರ್ತಿ ದೂರವನ್ನು ಮುಗಿಸಿದವು. ಪಂದ್ಯವನ್ನು ರದ್ದುಪಡಿಸಿ, ಅಂದಾಜು ಏಳೂವರೆ ಕೋಟಿ ಪೌಂಡುಗಳ ಪಣವನ್ನು ಕಟ್ಟಿದವರಿಗೆ ಹಿಂದಿರುಗಿಸಬೇಕಾಯಿತು. ಹಣವು ಮರಳಿತು. ಆ ಮೂಕಜೀವಿಗಳು ಪಟ್ಟ ಶ್ರಮ ಮರಳಲಿಲ್ಲ. ನೋಡಿದವರ ಎದೆಯಲ್ಲಿ ಎದ್ದ ಲೋಭ, ಹರ್ಷ, ಕ್ರೋಧಗಳೂ ರದ್ದಾಗಲಿಲ್ಲ. ಕರ್ಮದ ಕಚೇರಿಯಲ್ಲಿ ರದ್ದಾದ ಪಂದ್ಯವೆಂಬುದಿಲ್ಲ.

ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿರುವ ಮನೆಗಳಿಗೆ ಇದರಿಂದ ತಿಳಿಯಬೇಕಾದುದೇನು? ಕಷಾಯ, ವಿಷಯ, ಆಹಾರ ಈ ಮೂರನ್ನೂ ಬಿಟ್ಟರೆ ಅದು ಉಪವಾಸ. ಆಹಾರವನ್ನು ಮಾತ್ರ ಬಿಟ್ಟರೆ ಅದು ಲಂಘನ. ಹೊಟ್ಟೆಯನ್ನು ಬರಿದಾಗಿಟ್ಟು ವೃತ್ತಪತ್ರಿಕೆಯ ಪಂದ್ಯದ ಪುಟವನ್ನು ತೆರೆದು, ಗೆಲ್ಲುವ ಕುದುರೆಯನ್ನು ನೆರೆಯವನಿಗೆ ಹೇಳಿದವನ ನಾಲಗೆಗೆ ಅಂದು ಉಪವಾಸವಾಗಲಿಲ್ಲ.

ಶಾಸ್ತ್ರವು ಯಾರ ಮೇಲೂ ಹೊರಲಾರದ ಭಾರವನ್ನು ಹೊರಿಸುವುದಿಲ್ಲ. ಜೀವನಪರ್ಯಂತದ ತ್ಯಾಗ ಯಮ. ಕಾಲಮಿತಿಯ ತ್ಯಾಗ ನಿಯಮ. ಯಮಕ್ಕೆ ಧೈರ್ಯ ಸಾಲದವರು ನಿಯಮದಿಂದ ತೊಡಗಲಿ. ಬರುವ ಚಾತುರ್ಮಾಸದ ನಾಲ್ಕು ತಿಂಗಳು ಪಣ ಕಟ್ಟುವುದಿಲ್ಲ, ಸುಳಿವು ಕೊಡುವುದಿಲ್ಲ, ಕೇಳುವುದಿಲ್ಲ ಎಂದು ಬಸದಿಯಲ್ಲಿ ಸಂಕಲ್ಪಿಸಲಿ. ಮನೆಯ ಹಿರಿಯರು ಕೈಗೊಂಡರೆ ಕಿರಿಯರಿಗೆ ಬೇರೆ ಉಪದೇಶ ಬೇಕಾಗದು. ಪಂದ್ಯದ ಮಾತಿಗೆ ಸಲ್ಲುತ್ತಿದ್ದ ಆ ಸ್ಮರಣಶಕ್ತಿ ಸ್ವಾಧ್ಯಾಯಕ್ಕೆ ಸಲ್ಲಲಿ. ಆ ಸ್ನೇಹ ಸಾಧರ್ಮಿಕ ವಾತ್ಸಲ್ಯವಾಗಲಿ. ಉಳಿದ ಹಣದಲ್ಲಿ ಒಂದು ಪಾಲು ಮುದಿಯಾದ, ಕಾಲು ಮುರಿದ ಪ್ರಾಣಿಗಳ ಮೇವಿಗೆ ಹೋಗಲಿ. ದಶಲಕ್ಷಣಪರ್ವದಲ್ಲಿ ಉತ್ತಮ ಶೌಚದ ದಿನ ಬಂದಾಗ, ಲೋಭದ ಕೊಳೆಯನ್ನು ತೊಳೆದ ಮನಸ್ಸಿನ ಹಗುರವು ಎಂತಹುದೆಂಬುದು ಅಂತಹವರಿಗೆ ಸ್ವತಃ ತಿಳಿಯುವುದು.