ಕೈ ಮಾಡೋದು, ಹಾಯೋದು

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರ ಮೇಜಿನಲ್ಲಿ ಜಗಳ ಹಚ್ಚೋಕೆ ಒಂದೇ ಪ್ರಶ್ನೆ ಸಾಕು. ಮನುಷ್ಯನ ಮುಷ್ಟಿ ಆಯುಧವಾ? ಹಾಗಾದ್ರೆ ಕರಡಿಯ ಉಗುರು?

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದಲ್ಲಿ ಶುರುವಾದ ಆಟ ಇದು. ನಾಲ್ಕೈದು ಜನ ಒಂದೊಂದು ಪಾತ್ರ ಹಿಡೀತಾರೆ. ಡಂಜನ್ ಮಾಸ್ಟರ್ ಅನ್ನೋ ಒಬ್ಬರು ಉಳಿದ ಲೋಕವನ್ನೆಲ್ಲ ನಡೆಸ್ತಾರೆ. ಏಟು ಬಿತ್ತೋ ತಪ್ಪಿತೋ ಅನ್ನೋದನ್ನ ದಾಳ ಹೇಳುತ್ತೆ.

2014ರ ಐದನೇ ಆವೃತ್ತಿಯ ಪ್ರಕಾರ ಪ್ರಾಣಿಯ ಹಲ್ಲು, ಉಗುರು, ಕೊಂಬು ಎಲ್ಲ 'ಸಹಜ ಆಯುಧ', ಅಂದರೆ ಆಯುಧವೇ. ಮನುಷ್ಯನ ಗುದ್ದು, ಒದೆತ 'ಬರಿಗೈ ಏಟು', ಅದು ಆಯುಧವಲ್ಲ. ಆದರೆ ದಾಳ ಉರುಳಿಸುವಾಗ ಬರಿಗೈ ಏಟನ್ನೂ 'ಆಯುಧದ ದಾಳಿ' ಅಂತಲೇ ಲೆಕ್ಕ ಹಾಕಬೇಕು! ಆಯುಧವಲ್ಲದ್ದರಿಂದ ಮಾಡಿದ ಆಯುಧದ ದಾಳಿ. ಇಂಥ ಕೋಡ್ ರಿವ್ಯೂಗೆ ಬಂದಿದ್ರೆ ನಾನಂತೂ ಅಪ್ರೂವ್ ಮಾಡ್ತಿರಲಿಲ್ಲ.

ಲೆಕ್ಕದಲ್ಲೂ ಅಂತರ ದೊಡ್ಡದು. ಸಾಧಾರಣ ಮನುಷ್ಯ ಗುದ್ದಿದರೆ 1 ಪಾಯಿಂಟ್ ಪೆಟ್ಟು. ಕಂದು ಕರಡಿ ಪರಚಿದರೆ ಸರಾಸರಿ 11. ಹಿಂದಿನ ಮೂರನೇ ಆವೃತ್ತಿ ಇನ್ನೂ ಕಟ್ಟುನಿಟ್ಟು. ತರಬೇತಿ ಇಲ್ಲದವನು ಕತ್ತಿ ಹಿಡಿದವನ ಮೇಲೆ ಬರಿಗೈಯಲ್ಲಿ ಹೋದರೆ ಎದುರಾಳಿಗೆ ಒಂದು ಪುಕ್ಕಟೆ ಏಟು ಸಿಗ್ತಿತ್ತು. ಅವನ ಗುದ್ದು ಮಾಮೂಲಿಯಾಗಿ ಪ್ರಾಣ ತೆಗೀತಿರಲಿಲ್ಲ, ಪ್ರಜ್ಞೆ ತಪ್ಪಿಸ್ತಿತ್ತು ಅಷ್ಟೆ. ಕರಡಿಗೆ ಈ ಯಾವ ರಗಳೆಯೂ ಇಲ್ಲ, ಅದು ಹುಟ್ಟಾ ಆಯುಧಪಾಣಿ.

ಇದು ಬರೀ ಬ್ಯಾಲೆನ್ಸಿಂಗ್ ಲೆಕ್ಕಾಚಾರ ಅಂತ ಬಿಟ್ಟುಬಿಡಬಹುದಿತ್ತು. ಲಿಜರ್ಡ್‌ಫೋಕ್ ಅನ್ನೋ ಜೀವಿ ಬಿಡಲ್ಲ. ಹಲ್ಲಿಯ ಮೈ, ಎರಡು ಕಾಲಿನ ನಡಿಗೆ, ಜೌಗುನೆಲದ ವಾಸ. 2014ರ ಮಾನ್‌ಸ್ಟರ್ ಮ್ಯಾನ್ಯುಯಲ್‌ನಲ್ಲಿ ಅದು ಎದುರಾಳಿ. ಅಲ್ಲಿ ಅದರ ಕಚ್ಚುವಿಕೆ ಆರು ಮುಖದ ಒಂದು ದಾಳದಷ್ಟು ಪೆಟ್ಟಿನ ಆಯುಧದ ದಾಳಿ. 2016ರ ವೋಲೋಸ್ ಗೈಡ್‌ನಲ್ಲಿ ಅದೇ ಲಿಜರ್ಡ್‌ಫೋಕನ್ನ ನೀವು ನಿಮ್ಮ ಪಾತ್ರವಾಗಿ ಆರಿಸ್ಕೋಬಹುದು. ಅದೇ ದವಡೆ, ಅದೇ ಆರು ಮುಖದ ದಾಳ. ಆದರೆ ಇಲ್ಲಿ ನಿಯಮ ಹೇಳೋದೇ ಬೇರೆ: ಈ ಸಹಜ ಆಯುಧ ಬಳಸಿ ನೀವು 'ಬರಿಗೈ ಏಟು' ಹಾಕಬಹುದು. ಹಲ್ಲು ಬದಲಾಗಿಲ್ಲ. ಹಲ್ಲಿನ ಹಿಂದೆ ಈಗ ಒಬ್ಬ ವ್ಯಕ್ತಿ ಕೂತಿದ್ದಾನೆ, ಅಷ್ಟೇ. ರಾಕ್ಷಸನಾಗಿದ್ದಾಗ ಕಚ್ಚೋದು ಅದರ ಅಂಗದ ಗುಣ. ಹೆಸರು, ಊರು, ಹಿನ್ನೆಲೆ ಬರೆದು ಕ್ಯಾರೆಕ್ಟರ್ ಶೀಟ್ ಕೊಟ್ಟ ಕೂಡಲೇ ಅದು ಮಾಡಿದ ಕೆಲಸ ಆಗುತ್ತೆ.

ಈ ವ್ಯತ್ಯಾಸ ನಮ್ಮೂರ ಭಾಷೆಗೆ ಹೊಸದೇನಲ್ಲ. ಎತ್ತು ಹಾಯುತ್ತೆ, ನಾಯಿ ಕಚ್ಚುತ್ತೆ, ಹಸು ಒದೆಯುತ್ತೆ. ಮನುಷ್ಯ ಮಾತ್ರ 'ಕೈ ಮಾಡ್ತಾನೆ'. ಕೈ ಇದ್ದದ್ದೇ, ಎಲ್ಲರಿಗೂ ಇರೋದೇ, ಅದನ್ನ ಏಟು ಮಾಡಿದ್ದು ಅವನು. ಹಾಯೋ ಎತ್ತಿನ ಜೊತೆ ಯಾರೂ ನ್ಯಾಯಕ್ಕೆ ಕೂರಲ್ಲ. ಕೊಂಬಿಗೆ ಕೈ ಸಿಗದ ಹಾಗೆ ಕಟ್ಟಿ, ಮಕ್ಕಳನ್ನ ದೂರ ಇಡ್ತಾರೆ. ಪಂಚಾಯ್ತಿ ಸೇರೋದು ಕೈ ಮಾಡಿದವನ ವಿಷಯಕ್ಕೆ.

ಕಾನೂನಿನಲ್ಲೂ ಇದರ ನೆರಳಿದೆ. ಅಪಾಯಕಾರಿ ಆಯುಧದಿಂದ ಗಾಯ ಮಾಡುವುದರ ಬಗ್ಗೆ ಹಳೆಯ ಐಪಿಸಿ 324ನೇ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ 118, ಚುಚ್ಚುವ, ಕತ್ತರಿಸುವ ಸಾಧನಗಳು, ಬೆಂಕಿ, ವಿಷದ ಸಾಲಿನಲ್ಲೇ ಪ್ರಾಣಿಯನ್ನೂ ಸೇರಿಸುತ್ತೆ. ಅಂದರೆ ನಾಯಿ ಛೂ ಬಿಟ್ಟು ಕಚ್ಚಿಸಿದರೆ ಈ ಕಲಮು. ಆದರೆ ತಾನೇ ಕಚ್ಚಿದರೆ? ಮನುಷ್ಯನ ಹಲ್ಲನ್ನ ಇಂಥ ಆಯುಧ ಅನ್ನೋಕಾಗಲ್ಲ ಅಂತ ನಮ್ಮ ನ್ಯಾಯಾಲಯಗಳು ಹೇಳಿದ್ದಿದೆ. ಆಟದ ನಿಯಮ ಬರೆದವರು ಇದನ್ನ ಓದಿರಲಿಕ್ಕಿಲ್ಲ, ಆದರೂ ಗೆರೆ ಬಹುತೇಕ ಅಲ್ಲೇ ಬಿದ್ದಿದೆ.

ನನಗೆ ಕಸಿವಿಸಿ ಆಗೋದು ಈ ಗೆರೆಯನ್ನ ನಾವು ನಮಗೆ ಬೇಕಾದ ಹಾಗೆ ಸರಿಸೋದರ ಬಗ್ಗೆ. ಹೆಂಡತಿಗೆ ಹೊಡೆಯುವವನ ಬಗ್ಗೆ 'ಅವನ ಸ್ವಭಾವವೇ ಅಷ್ಟು ಕಣಮ್ಮ, ಕೈ ಸ್ವಲ್ಪ ಮುಂದು' ಅಂತ ಹೇಳೋ ಹಿರಿಯರನ್ನ ಊರಲ್ಲೂ ನೋಡಿದ್ದೀನಿ, ಅಪಾರ್ಟ್‌ಮೆಂಟ್ ಲಿಫ್ಟಿನಲ್ಲೂ. ಅವನಿಗೆ ಕ್ಷಣದಲ್ಲಿ ಕೊಂಬು ಮೂಡಿಸಿ ಎತ್ತಿನ ಪಟ್ಟಿಗೆ ಸೇರಿಸಿಬಿಟ್ಟರು. ಇನ್ನು ಅವನನ್ನ ಕೇಳೋ ಹಾಗಿಲ್ಲ, ಅವಳೇ ದೂರ ನಿಲ್ಲಬೇಕು. ಅದೇ ಜನ, ಬೇರೆ ಕೇರಿಯ ಹುಡುಗ ಒಮ್ಮೆ ತಿರುಗಿ ಕೈ ಎತ್ತಿದರೆ 'ಆ ಜನವೇ ಹಾಗೆ' ಅಂತಾರೆ. ಅವನಿಗೂ ಕೊಂಬೇ. ಆದರೆ ಈ ಸಲ ಕ್ಷಮಿಸೋಕಲ್ಲ, ಬಡಿಯೋಕೆ. ಸ್ವಭಾವ ಅನ್ನೋ ಒಂದೇ ಪದ ಒಬ್ಬನಿಗೆ ಜಾಮೀನು, ಇನ್ನೊಬ್ಬನಿಗೆ ಶಿಕ್ಷೆ.

ನಾವು ಆಡುವ ಶನಿವಾರದ ಗುಂಪಿನಲ್ಲಿ ಒಬ್ಬ ಡ್ರೂಯಿಡ್ ಇದ್ದಾನೆ. ಬೇಕೆಂದಾಗ ಪ್ರಾಣಿಯ ರೂಪ ತಾಳುವ ಪಾತ್ರ. ಒಂದು ರಾತ್ರಿ ಕರಡಿಯಾಗಿ ಕೋಟೆಗೆ ನುಗ್ಗಿದ. ಕತ್ತಿ ಕೆಳಗಿಟ್ಟು ಕೈ ಮೇಲೆತ್ತಿದ್ದ ಕಾವಲುಗಾರನನ್ನ ಒಂದೇ ಏಟಿಗೆ ಮುಗಿಸಿದ. ಕಾವಲುಗಾರನಿಗಿದ್ದದ್ದು 11 ಹಿಟ್ ಪಾಯಿಂಟ್. ಮೇಜಿನ ಸುತ್ತ ಒಂದು ಕ್ಷಣ ಮೌನ.

"ಕರಡಿ ಹೊಡೀತು ಗುರೂ, ನಾನಲ್ಲ" ಅಂದ.

ಡಂಜನ್ ಮಾಸ್ಟರ್ ಹುಡುಗಿ ಪುಸ್ತಕ ತೆರೆದಳು. ರೂಪ ಬದಲಾದಾಗ ಮೈಕಟ್ಟು, ಬಲ, ಉಗುರು ಕರಡಿಯದು. ಬುದ್ಧಿ, ವಿವೇಕ, ವ್ಯಕ್ತಿತ್ವ ನಿನ್ನದೇ. ಇನ್ನೊಂದು ನಿಯಮವನ್ನೂ ತೋರಿಸಿದಳು: ಹತ್ತಿರದ ಏಟಿನಿಂದ ಯಾರನ್ನಾದರೂ ಸೊನ್ನೆಗೆ ಇಳಿಸಿದಾಗ, ಕೊಲ್ಲುವ ಬದಲು ಬರೀ ಪ್ರಜ್ಞೆ ತಪ್ಪಿಸುವ ಆಯ್ಕೆ ಹೊಡೆದವರಿಗಿದೆ. ಕತ್ತಿಗೂ ಇದೆ, ಮುಷ್ಟಿಗೂ ಇದೆ, ಉಗುರಿಗೂ ಇದೆ.

"ಕೊಲ್ಲೋದಾ, ಮಲಗಿಸೋದಾ ಅಂತ ನಾನು ಕೇಳಿದ್ದೆ" ಅಂದಳು. "ಕೇಳಿದ್ದು ಕರಡಿಯನ್ನಲ್ಲ."

ಅವನು ದಾಳವನ್ನ ಅಂಗೈಯಲ್ಲಿ ತಿರುಗಿಸ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಕಾವಲುಗಾರನ ಹೆಸರೇನು ಅಂತ ಕೇಳಿದ. ಆಕೆ ಇಟ್ಟಿರಲಿಲ್ಲ. ಐದು ನಿಮಿಷ ಬ್ರೇಕ್ ತಗೊಂಡು, ಟೀ ಕುಡಿದು, ಒಂದು ಹೆಸರಿಟ್ಟೆವು.